ಬರ್ಲಿಂಗ್ಟನ್ನಿನಲ್ಲಿ ಇಂಟರ್‌ವಲ್

ಈ ಕತೆ ಹೇಳಲು ನನಗಿಂತ ತಕ್ಕವರು ಬೇಕಾದಷ್ಟು ಜನ ಇದ್ದಾರೆ. ಅವರಲ್ಲಿ ಯಾರೂ ಬಾಯಿ ಬಿಡುತ್ತಿಲ್ಲವಾದ್ದರಿಂದ ನಾನು ಬಿಡುತ್ತಿದ್ದೇನೆ, ಮನ್ನಿಸಬೇಕು. ಇದರಲ್ಲಿ ಬರುವವರೆಲ್ಲ ಒಳ್ಳೆಯವರೇ, ನಾಳೆ ಅಂಗಡಿಯಲ್ಲಿ ಎದುರಾದರೆ ನಮಸ್ಕಾರ ಅನ್ನಬೇಕಾದವರು. ಆದರೂ ಆ ಭಾನುವಾರ ದಾನಪ್ಪನಿಗೆ ಆದದ್ದು ಅನ್ಯಾಯ. ಅನ್ಯಾಯವನ್ನು ಅನ್ಯಾಯ ಅಂತ ಒಬ್ಬರಾದರೂ ಹೇಳಬೇಕಲ್ಲ, ಅಷ್ಟೇ. ಹೇಳುವುದರಲ್ಲಿ ಹೆಚ್ಚುಕಡಿಮೆಯಾದರೆ ತಪ್ಪು ನನ್ನದು.

ತೊಂದರೆಗೆಲ್ಲ ಮೂಲ ದಾನಪ್ಪನ ವ್ಯಾನು. ಏಳು ಜನ ಕೂರಬಹುದಾದ, ಪಕ್ಕದ ಬಾಗಿಲು ಜರುಗಿಸಿದರೆ ಕಬ್ಬಿನ ಗಾಣದ ಹಾಗೆ ಕಿರುಗುಡುವ ಹಳೆಯ ವ್ಯಾನು. ಟೊರಾಂಟೊ ಸುತ್ತಿನ ಕನ್ನಡದವರ ನಡುವೆ ವ್ಯಾನು ಇಟ್ಟುಕೊಳ್ಳುವುದೆಂದರೆ ಓಣಿಯಲ್ಲಿ ಒಬ್ಬನ ಮನೆಯಲ್ಲಿ ಮಾತ್ರ ಏಣಿ ಇದ್ದ ಹಾಗೆ. ಏಣಿ ಅವನದು, ಹತ್ತುವವರು ಊರವರು.

ದಾನಪ್ಪ ಹುಬ್ಬಳ್ಳಿಯವನು. ಒಶಾವಾದಲ್ಲಿ ಕಾರಿನ ಸೀಟು ಹೊಲಿಯುವ ಒಂದು ಕಾರ್ಖಾನೆಯಲ್ಲಿ ಕೆಲಸ. ಕೆನಡಾಕ್ಕೆ ಬಂದಮೇಲೆ ಅವನು ಥಿಯೇಟರಿನಲ್ಲಿ ಒಂದೇ ಒಂದು ಕನ್ನಡ ಚಿತ್ರ ನೋಡಿರಲಿಲ್ಲ. ನೋಡಲು ಬಂದಿದ್ದರೆ ತಾನೆ? ಕಿರಾಣಿ ಅಂಗಡಿಯಲ್ಲಿ ಬಾಡಿಗೆಗೆ ಸಿಗುತ್ತಿದ್ದ ಕ್ಯಾಸೆಟ್ಟುಗಳು ಕಾಪಿಯ ಕಾಪಿಯ ಕಾಪಿ. ಅದರಲ್ಲಿ ನಾಯಕಿಯ ಮುಖ ಹಸಿರು, ನಾಯಕನ ಮೀಸೆ ನೀಲಿ. ಇಂಥದ್ದರಲ್ಲಿ ಆ ವರ್ಷ, ಎರಡು ಸಾವಿರದ ನಾಲ್ಕೋ ಐದೋ ಇರಬೇಕು, ಕನ್ನಡ ಸಂಘದವರು ಎಲ್ಲಿಂದಲೋ ಒಂದು ಹೊಸ ಚಿತ್ರದ ಪ್ರಿಂಟು ತರಿಸಿ, ಬರ್ಲಿಂಗ್ಟನ್ನಿನ ಒಂದು ಥಿಯೇಟರನ್ನು ಭಾನುವಾರ ಬೆಳಗಿನ ಒಂದೇ ಆಟಕ್ಕೆ ಬಾಡಿಗೆ ಹಿಡಿದರು.

ದಾನಪ್ಪ ಅಂದಿನ ಶಿಫ್ಟನ್ನು ಜೊತೆಯ ಕೆಲಸಗಾರನಿಗೆ ಕೊಟ್ಟು, ಬದಲಿಗೆ ಜುಲೈ ಒಂದರ ಕೆನಡಾ ಡೇ ರಜೆಯನ್ನೇ ಬಿಟ್ಟುಕೊಟ್ಟ. ಅವನ ಆಸೆ ದೊಡ್ಡದಲ್ಲ. ಮಗಳು ಶಿವಾನಿಯನ್ನು ಪಕ್ಕದಲ್ಲಿ ಕೂರಿಸಿಕೊಳ್ಳಬೇಕು. ಟೈಟಲ್ಲಿನಿಂದ ಕೊನೆಯ ನಮಸ್ಕಾರದವರೆಗೆ ಇಡೀ ಚಿತ್ರ ನೋಡಬೇಕು. ಅವಳಿಗೆ ತಿಳಿಯದ ಮಾತನ್ನೆಲ್ಲ ಕಿವಿಯಲ್ಲಿ ಬಿಡಿಸಿ ಹೇಳಬೇಕು. ಇಲ್ಲೇ ಹುಟ್ಟಿದ ಹನ್ನೆರಡು ವರ್ಷದ ಹುಡುಗಿ ಅವಳು. ಕನ್ನಡ ಅಂದರೆ ಮನೆಯಲ್ಲಿ ಬೈಸಿಕೊಳ್ಳುವುದಕ್ಕೆ ಇರುವ ಭಾಷೆ ಅಂತ ತಿಳಿದಿದ್ದಳು. ಅಷ್ಟೇ ಅಲ್ಲ ಅಂತ ತೋರಿಸಬೇಕಿತ್ತು ಅವನಿಗೆ. ಶಿವಾನಿ ಬರಲು ಒಪ್ಪಿದ್ದೂ ಒಂದು ಕರಾರಿನ ಮೇಲೆ: ಈ ಚಿತ್ರಕ್ಕೆ ಬಂದರೆ ಒಂದು ತಿಂಗಳು ಕನ್ನಡ ಕ್ಲಾಸಿಗೆ ಹೋಗುವುದಿಲ್ಲ.

ಭಾನುವಾರ ಬೆಳಿಗ್ಗೆ ಫೋನು ಬಂತು. ಸಂಘದ ಕಾರ್ಯದರ್ಶಿ ಉಮಾಶಂಕರ. ಮೈಸೂರಿನ ಕಡೆಯ ಇಂಜಿನಿಯರು, ಹತ್ತು ಜನರಿಗೆ ಹತ್ತು ಕೆಲಸ ಹಂಚಿ ತಾನು ದಣಿಯುವ ಮನುಷ್ಯ.

"ದಾನಪ್ಪನವರೇ, ಹೊರಟ್ರಾ?"

"ಇನ್ನೂ ಇಲ್ರಿ. ಶೋ ಹತ್ತಕ್ಕ ಅಲ್ರಿ? ಎಂಟೂವರಿಗೆ ಬಿಟ್ರ ಆರಾಮ ಮುಟ್ಟತೇವಿ."

"ಸೂಪರ್. ಒಂದು ಸಣ್ಣ ಹೆಲ್ಪು ಸಾರ್. ನಾನೂ ಉಷಾನೂ ಆಗ್ಲೇ ಥಿಯೇಟರ್ ಹತ್ರ ಬಂದ್ಬಿಟ್ಟಿದೀವಿ, ಅರೇಂಜ್‌ಮೆಂಟ್ಸು ನೋಡ್ಕೋಬೇಕಲ್ಲ. ನಮ್ಮತ್ತೆ ಮನೇಲೇ ಇದಾರೆ. ನೀವು ಹೆಂಗಿದ್ರೂ ಆ ಕಡೆಯಿಂದ ಬರ್ತೀರ, ದಾರೀಲೇ ಪಿಕಪ್ ಮಾಡ್ಕೊಂಡ್ ಬಂದ್ಬಿಡಿ."

"ದಾರಿಯಾಗ ಅಂದ್ರ... ನಿಮ್ಮ ಮನಿ ನ್ಯೂಮಾರ್ಕೆಟ್ಟಿನ್ಯಾಗ ಅಲ್ರಿ?"

"ಹೌದು ಸಾರ್, ಹೈವೇ ಪಕ್ಕದಲ್ಲೇ!"

ಟೊರಾಂಟೊದಿಂದ ಒಶಾವಾ ಪೂರ್ವಕ್ಕೆ, ಬರ್ಲಿಂಗ್ಟನ್ ಪಶ್ಚಿಮಕ್ಕೆ, ನ್ಯೂಮಾರ್ಕೆಟ್ ಉತ್ತರಕ್ಕೆ. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೊರಟವನಿಗೆ ಗದಗ ದಾರಿಯಲ್ಲೇ ಸಿಗುತ್ತದೆ ಅಂದ ಹಾಗಾಯಿತು. ದಾನಪ್ಪ ಇದನ್ನೇ ಹೇಳಬೇಕೆಂದು ಬಾಯಿ ತೆರೆದ. ಹೊರಗೆ ಬಂದದ್ದು ಮಾತ್ರ, "ಆತ್ರಿ, ಕರಕೊಂಡ ಬರ್ತೇನ್ರಿ."

ಹೆಂಡತಿ ಪಾರ್ವತೆವ್ವ ಒಲೆಯ ಮುಂದಿನಿಂದಲೇ ಕೇಳಿದಳು. "'ಇಲ್ಲ' ಅನ್ನೂ ಶಬ್ದ ನಿಮ್ಮ ಸಾಲ್ಯಾಗ ಕಲಸಿರಲಿಲ್ಲೇನ್ರೀ?"

"ವಯಸ್ಸಾದವರು, ಪಾಪ..."

"ನಾ ಏನ ಎಳೀಕೂಸೇನು? ನಸುಕಿನ್ಯಾಗ ಎದ್ದು ಊರಮಂದಿಗೆಲ್ಲಾ ಮಿರ್ಚಿ ಕರ್ಯಾಕತ್ತೇನಿ. ನನಗ ಪಾಪ ಅಂದೋರು ಯಾರೂ ಇಲ್ಲ."

ಅದೂ ನಿಜವೇ. ಇಂಟರ್‌ವಲ್ಲಿನಲ್ಲಿ ಮಿರ್ಚಿ ಇರಲೇಬೇಕು, ಮಿರ್ಚಿ ಎಂದರೆ ಹುಬ್ಬಳ್ಳಿಯವರದೇ ಆಗಬೇಕು ಎಂದು ಉಮಾಶಂಕರನ ಹೆಂಡತಿ ಉಷಾ ಹೇಳಿದ್ದಳು. ಹೊಗಳಿ ಕೆಲಸ ಹೇಳುವುದು ಗಂಡ ಹೆಂಡತಿ ಇಬ್ಬರಿಗೂ ಒಲಿದಿತ್ತು. ಥಿಯೇಟರಿನೊಳಗೆ ಹೊರಗಿನ ತಿಂಡಿ ತರಕೂಡದು ಎಂಬ ನಿಯಮವಿದ್ದುದರಿಂದ ಮಿರ್ಚಿ, ಚುರುಮುರಿ, ಚಹಾ ಎಲ್ಲವೂ ದಾನಪ್ಪನ ವ್ಯಾನಿನ ಹಿಂಬದಿಯಲ್ಲಿ ಗುಟ್ಟಾಗಿ ಇರುವುದೆಂದು ತೀರ್ಮಾನವಾಗಿತ್ತು. ದಾನಪ್ಪನನ್ನು ಯಾರೂ ಕೇಳಿರಲಿಲ್ಲ.

ನ್ಯೂಮಾರ್ಕೆಟ್ಟಿನಲ್ಲಿ ಉಮಾಶಂಕರನ ಅತ್ತೆ ಭಾನುಮತಿಯಮ್ಮನವರು ರೇಷ್ಮೆ ಸೀರೆ, ಅದರ ಮೇಲೆ ಸ್ವೆಟರು, ಕೆಳಗೆ ಅಳಿಯನ ಜಾಗಿಂಗ್ ಬೂಟು ಹಾಕಿಕೊಂಡು ಬಾಗಿಲಲ್ಲೇ ನಿಂತಿದ್ದರು. ಪರವಾಗಿಲ್ಲ, ಸಿದ್ಧರಾಗಿದ್ದಾರೆ ಎಂದು ದಾನಪ್ಪ ಉಸಿರು ಬಿಡುವಷ್ಟರಲ್ಲಿ ಅವರು, "ಬಾಪ್ಪಾ ದಾನಪ್ಪ, ಒಳಗೆ ಬಾ. ಒಂದ್ ಲೋಟ ಕಾಫಿ ಕುಡ್ದು ಹೊರಡೋಣ" ಅಂದರು.

"ಬ್ಯಾಡ್ರಿ ಅಮ್ಮಾರ, ತಡಾ ಆಗತೈತಿ."

"ಡಿಕಾಕ್ಷನ್ ಇಳೀತಾ ಇದೆ ಕಣಪ್ಪ. ಇಳೀತಾ ಇರೋದನ್ನ ಬಿಟ್ಟು ಹೋಗೋದಾ?"

ಆ ಮನೆಯ ಫಿಲ್ಟರು ಉಮಾಶಂಕರನ ಹಾಗಿರಲಿಲ್ಲ, ಯಾವ ಕೆಲಸಕ್ಕೂ ಅವಸರವಿರಲಿಲ್ಲ. ಒಂದೊಂದು ಹನಿಯೂ ಮೇಲಿಂದ ಕೆಳಗೆ ನೋಡಿ, ಯೋಚಿಸಿ, ಆಮೇಲೆ ಬೀಳುತ್ತಿತ್ತು. ಕಾಫಿ ಕುಡಿದು ವ್ಯಾನು ಹತ್ತಿದ ಮೇಲೆ ಭಾನುಮತಿಯಮ್ಮನವರಿಗೆ ಒಲೆ ಆರಿಸಿದೆನೋ ಇಲ್ಲವೋ ಎಂಬ ಅನುಮಾನ ಬಂತು. ಇಳಿದು ನೋಡಿ ಬಂದರು. ಹಿತ್ತಿಲ ಬಾಗಿಲ ಅನುಮಾನ ಬಂತು. ಅದನ್ನೂ ನೋಡಿ ಬಂದರು. ಹಿಂದೆ ಕೂತರೆ ತಲೆ ಸುತ್ತುತ್ತದೆಂದು ಪಾರ್ವತೆವ್ವನನ್ನು ಎಬ್ಬಿಸಿ ಮುಂದಿನ ಸೀಟು ಹಿಡಿದರು. ವ್ಯಾನು ಹೈವೇ ಸೇರಿದ ಕೂಡಲೇ, "ನಿಧಾನ ಕಣಪ್ಪ, ಎದೆ ಡವಡವ ಅನ್ನುತ್ತೆ" ಅಂದರು.

ನಿಧಾನ ಎಂದರೆ ಎಷ್ಟು ನಿಧಾನ! ಒಂದು ಇಡೀ ಮರದ ಮನೆಯನ್ನು ಹೊತ್ತುಕೊಂಡು ಹೊರಟಿದ್ದ ಲಾರಿ ಹಾರ್ನು ಹೊಡೆದು ಅವರನ್ನು ಹಿಂದೆ ಹಾಕಿ ಹೋಯಿತು. ಹಿಂದಿನ ಸೀಟಿನಲ್ಲಿ ಮಿರ್ಚಿ ಪಾತ್ರೆಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದ ಪಾರ್ವತೆವ್ವ ಕನ್ನಡಿಯಲ್ಲಿ ಗಂಡನನ್ನು ನೋಡಿದ ನೋಟದಲ್ಲೇ ಇನ್ನೊಂದು ಒಬ್ಬೆ ಮಿರ್ಚಿ ಕರಿಯಬಹುದಿತ್ತು.

ಥಿಯೇಟರು ಮುಟ್ಟಿದಾಗ ಹತ್ತಾಗಿತ್ತು. ಬಾಗಿಲಲ್ಲೇ ಉಮಾಶಂಕರ.

"ಬಂದ್ರಾ! ಸದ್ಯ. ದಾನಪ್ಪನವರೇ, ಐದೇ ನಿಮಿಷ ಇಲ್ಲಿ ನಿಂತಿರಿ. ಲೇಟಾಗಿ ಬರೋರ ಟಿಕೆಟ್ ಹರಿದು ಒಳಗೆ ಬಿಡಿ. ನಾನು ಸ್ವಾಗತ ಭಾಷಣ ಮಾಡಿ ಬಂದ್ಬಿಡ್ತೀನಿ."

"ಅಲ್ರಿ, ನಾನು ಟೈಟಲ್ಲಿನಿಂದ..."

"ಐದೇ ನಿಮಿಷ ಸಾರ್!"

ಒಳಗೆ ಸಾಲುಸಾಲು ಸೀಟುಗಳ ಮೇಲೆ ಶಾಲು, ಜಾಕೆಟ್ಟು, ಕರ್ಚೀಪು. ಬಂದವರು ಹತ್ತು, ಹಿಡಿದಿಟ್ಟ ಸೀಟು ಮೂವತ್ತು. ಪಾರ್ವತೆವ್ವ ಜಗಳವಾಡಿ ಮೂರು ಸೀಟು ಗಿಟ್ಟಿಸಿದಳು: ತನಗೊಂದು, ಶಿವಾನಿಗೊಂದು, ನಡುವೆ ಗಂಡನಿಗೆ. ಆ ನಡುವಿನ ಸೀಟಿನಲ್ಲಿ ಭಾನುಮತಿಯಮ್ಮನವರು, "ಅಪ್ಪಾ, ಮಂಡಿ" ಎಂದು ಕೂತೇಬಿಟ್ಟರು.

ಉಮಾಶಂಕರ ಭಾಷಣ ಮುಗಿಸಿ ಅಲ್ಲೇ ಮುಂದೆ ಕೂತ. ಚಿತ್ರ ಶುರುವಾಯಿತು. ದಾನಪ್ಪ ಬಾಗಿಲಲ್ಲೇ ಉಳಿದ. ನಮ್ಮವರು ಹೊತ್ತಿಗೆ ಸರಿಯಾಗಿ ಬರುವ ಜನವಲ್ಲ ಎಂಬುದು ಅವನಿಗೂ ಗೊತ್ತಿತ್ತು, ಆದರೆ ಇಷ್ಟೊಂದು ಜನ ಎಂದು ಗೊತ್ತಿರಲಿಲ್ಲ. ಒಬ್ಬೊಬ್ಬರು ಬಂದು ಬಾಗಿಲು ತೆರೆದಾಗಲೂ ಅವನಿಗೆ ಚಿತ್ರದ ಒಂದೊಂದು ಚೂರು ಕಂಡಿತು. ಒಂದು ಸಲ ಒಬ್ಬ ಹೆಂಗಸು ಖಾನಾವಳಿಯಲ್ಲಿ ಸಾರು ಬಡಿಸುತ್ತಿದ್ದಳು. ಇನ್ನೊಂದು ಸಲ ಒಬ್ಬ ಕಂಡಕ್ಟರು ಬಸ್ಸಿನಲ್ಲಿ ಸೀಟಿ ಊದುತ್ತಿದ್ದ. ಮತ್ತೊಂದು ಸಲ ಯಾರೋ ಯಾರಿಗೋ ಕಪಾಳಕ್ಕೆ ಹೊಡೆದಾಗಿತ್ತು, ಸದ್ದು ಮಾತ್ರ ಕೇಳಿತು.

ಎಲ್ಲರಿಗಿಂತ ಕೊನೆಗೆ ಬಂದ ಚಂದ್ರಮೋಹನ ಎಂಬ ಸಾಫ್ಟ್‌ವೇರಿನ ಮಹಾಶಯ ಟಿಕೆಟ್ಟು ಕೊಟ್ಟು, "ಇಲ್ಲೀವರೆಗೂ ಸ್ಟೋರಿ ಏನಾಗಿದೆ, ಸ್ವಲ್ಪ ಹೇಳ್ಬಿಡಿ ಸಾರ್" ಎಂದ.

ದಾನಪ್ಪನಿಗೆ ಮೈ ಉರಿಯಿತು. ಆದರೂ ಕೇಳಿದ್ದಕ್ಕೆ ಉತ್ತರ ಕೊಡದೆ ಇರಲಾರದ ಸ್ವಭಾವ. "ಒಬ್ಬಾಕಿ ಖಾನಾವಳಿ ನಡಸ್ತಾಳ್ರಿ. ಒಬ್ಬಂವ ಕಂಡಕ್ಟರ ಅದಾನ. ಕಪಾಳಕ್ಕ ಒಂದು ಏಟು ಬಿದ್ದೈತಿ, ಯಾರಿಗಿ ಅಂತ ನೀವ ಒಳಗ ಹೋಗಿ ನೋಡಿ ನನಗೂ ಹೇಳ್ರಿ."

ಕಡೆಗೂ ಅವನು ಒಳಗೆ ಹೋದಾಗ ಸಿಕ್ಕಿದ್ದು ಮುಂದಿನ ಸಾಲಿನ ಕೊನೆಯ ಮೂಲೆ, ಪಕ್ಕದ ಬಾಗಿಲಿಗೆ ಅಂಟಿಕೊಂಡ ಸೀಟು. ಅಲ್ಲಿಂದ ನೋಡಿದರೆ ಕಂಡಕ್ಟರನ ಒಂದು ಕಿವಿ ಮೊರದಷ್ಟು, ಇನ್ನೊಂದು ಕಡಲೆಕಾಳಿನಷ್ಟು. ಆದರೂ ಸ್ವಲ್ಪ ಹೊತ್ತಿಗೆ ದಾನಪ್ಪ ಕಿವಿಯನ್ನು ಮರೆತ. ಖಾನಾವಳಿಯ ಆ ತಾಯಿ ಹಿರಿಯ ಮಗನನ್ನು ಮನೆಯಿಂದ ಹೊರಗೆ ಹಾಕಿದ್ದಳು. ಅವನ ಹೆಸರೆತ್ತಿದರೆ ಕಿರಿಯವನಾದ ಕಂಡಕ್ಟರನ ಮೇಲೆ ಹರಿಹಾಯುತ್ತಿದ್ದಳು. ಆದರೆ ದಿನಾ ರಾತ್ರಿ ಬಾಗಿಲು ಹಾಕುವ ಮುಂಚೆ ಒಂದು ತಾಟು ಅನ್ನ ಬಡಿಸಿ ಮುಚ್ಚಿಡುತ್ತಿದ್ದಳು. "ಯವ್ವಾ" ಎಂದು ಕಂಡಕ್ಟರು ಕೂಗಿದಾಗ ಆ ಒಂದು ಮಾತು ಥಿಯೇಟರಿನ ನಾಲ್ಕು ಗೋಡೆಗಳಿಗೂ ಬಡಿಯಿತು. ತನ್ನ ಭಾಷೆ ಇಷ್ಟು ದೊಡ್ಡದಾಗಿ ಕೇಳಿ ಎಷ್ಟು ವರ್ಷವಾಗಿತ್ತು! ದಾನಪ್ಪ ಶಿವಾನಿಯ ಮುಖ ನೋಡಬೇಕೆಂದು ಹಿಂದೆ ತಿರುಗಿದ. ಕತ್ತಲಲ್ಲಿ ಕಾಣಲಿಲ್ಲ.

ಪರದೆಯ ಮೇಲೆ ಮಳೆ. ಯಾರೋ ಖಾನಾವಳಿಯ ಬಾಗಿಲು ಬಡಿದರು. ತಾಯಿ ಕಂದೀಲು ಹಿಡಿದು ಬಂದು ತೆರೆದಳು. ಹೊರಗೆ ಹಿರಿಯ ಮಗ. ತಾಯಿಯ ಕೈ ಬಾಗಿಲ ಮೇಲೆ. ಒಳಗೆ ಕರೆಯುತ್ತಾಳೋ, ಮುಚ್ಚುತ್ತಾಳೋ—

'ವಿರಾಮ' ಎಂದು ಅಕ್ಷರ ಬಿತ್ತು.

"ಎಲ್ಲರೂ ಈ ಕಡೆ, ಸೈಡ್ ಡೋರು!" ಉಮಾಶಂಕರ ಚಪ್ಪಾಳೆ ತಟ್ಟಿದ. "ದಾನಪ್ಪನವರೇ, ವ್ಯಾನು ತೆಗೀರಿ, ವ್ಯಾನು!"

ಇಡೀ ಸಭೆ ಕತ್ತಲಲ್ಲೇ ತಡವರಿಸುತ್ತ, ಒಬ್ಬರ ಕಾಲು ಒಬ್ಬರು ತುಳಿಯುತ್ತ ಪಾರ್ಕಿಂಗ್ ಲಾಟಿಗೆ ನುಗ್ಗಿತು. ಭಾನುಮತಿಯಮ್ಮನವರು ಮಂಡಿಯ ನೆಪ ಹೇಳಿ ಕೂತಲ್ಲೇ ಉಳಿದರು. ಶಿವಾನಿ, "ಐ ಡೋಂಟ್ ವಾಂಟ್ ಮಿರ್ಚಿ, ಅಮ್ಮಾ" ಎಂದು ಅವರ ಪಕ್ಕದಲ್ಲೇ ಕೂತಳು.

ಹೊರಗೆ ಮೇ ತಿಂಗಳ ಬಿಸಿಲು. ಆರು ತಿಂಗಳ ಚಳಿ ಕಳೆದು ಬಂದ ಮೊದಲ ಬಿಸಿಲಿಗೆ ಜನ ಹಪ್ಪಳದ ಹಾಗೆ ಮೈ ಹರಡಿಕೊಂಡು ನಿಂತರು. ಪಾರ್ವತೆವ್ವ ಮಿರ್ಚಿ ಹಂಚಿದಳು, ದಾನಪ್ಪ ಚಹಾ ಬಗ್ಗಿಸಿದ. ಒಬ್ಬರು ಹೊಸ ಮನೆಯ ಬೇಸ್‌ಮೆಂಟಿನ ವಿಷಯ ತೆಗೆದರು, ಇನ್ನೊಬ್ಬರು ಅದಕ್ಕೆ ತಮ್ಮ ಬೇಸ್‌ಮೆಂಟನ್ನು ಕೂಡಿಸಿದರು. ಮಿರ್ಚಿಗೆ ಎರಡನೆಯ ಸರದಿ ಬಂತು. ಮೂರನೆಯದೂ.

"ಒಳಗ ಹೋಗೂಣೇನ್ರಿ?" ಎಂದು ದಾನಪ್ಪ ಕೇಳಿದ.

"ಬೆಲ್ ಆಗ್ಲಿ ಬಿಡಿ ಸಾರ್" ಎಂದ ಉಮಾಶಂಕರ ಬಾಯಿತುಂಬ ಮಿರ್ಚಿ ಇಟ್ಟುಕೊಂಡು. "ಇಂಟರ್‌ವಲ್ ಮುಗಿದ ಮೇಲೆ ಬೆಲ್ ಹೊಡೀತಾರಲ್ಲ."

ಅದು ಎಲ್ಲರಿಗೂ ಸರಿಯೆನಿಸಿತು. ಊರಿನಲ್ಲಿ ಯಾವ ಟಾಕೀಸಿನಲ್ಲಿ ಬೆಲ್ಲಾಗದೆ ಚಿತ್ರ ಶುರುವಾಗಿದೆ? ಕೈಯಲ್ಲಿ ಗೋಲಿ ಸೋಡಾ ಹಿಡಿದು, ಟರ್‌ರ್ ಎಂದು ಬೆಲ್ಲು ಹೊಡೆದ ಮೇಲೆ ಓಡಿಹೋಗಿ ಕೂತು ಬೆಳೆದ ಜನ ಅವರು.

ಬಾತ್‌ರೂಮಿಗೆ ಹೋಗಿದ್ದ ಚಂದ್ರಮೋಹನ ಮುಂಬಾಗಿಲಿನಿಂದ ಸುತ್ತಿಕೊಂಡು ಬಂದ. "ಒಳಗೆ ಏನೋ ಸೌಂಡ್ ಬರ್ತಿತ್ತು ಕಣ್ರೀ."

"ಅಡ್ವರ್ಟೈಸ್‌ಮೆಂಟ್ ಇರ್ಬೇಕು" ಎಂದ ಉಮಾಶಂಕರ. "ಇಂಟರ್‌ವಲ್ ಆದ್ಮೇಲೆ ಹಾಕ್ತಾರಲ್ಲ, ಸೋಪು, ಬನಿಯನ್ನು. ಮಿರ್ಚಿ ತಗೊಳ್ಳಿ."

ದಾನಪ್ಪನಿಗೆ ಸಮಾಧಾನವಾಗಲಿಲ್ಲ. ಪಕ್ಕದ ಬಾಗಿಲಿಗೆ ಹೋದ. ಅದಕ್ಕೆ ಹೊರಗಡೆ ಹಿಡಿಕೆಯೇ ಇರಲಿಲ್ಲ. ಒಳಗಿನಿಂದ ಮಾತ್ರ ತೆರೆಯುವಂಥದ್ದು. ಕಟ್ಟಡ ಸುತ್ತಿ ಮುಂಬಾಗಿಲಿಗೆ ಹೋದ. ಅಲ್ಲಿದ್ದ ಹೆಂಗಸು ನಗುಮುಖದಿಂದ ಟಿಕೆಟ್ಟು ಕೇಳಿದಳು. ಬೆಳಗಿನಿಂದ ಊರವರ ಟಿಕೆಟ್ಟನ್ನೆಲ್ಲ ಹರಿದವನ ಹತ್ತಿರ ತನ್ನದೇ ಟಿಕೆಟ್ಟು ಇರಲಿಲ್ಲ! ಅದನ್ನು ಉಮಾಶಂಕರ ಕೊಟ್ಟೇ ಇರಲಿಲ್ಲ. ನಾನೇ ಬಾಗಿಲು ಕಾದವನು ಎಂದು ತನಗೆ ಬಂದ ಇಂಗ್ಲಿಷಿನಲ್ಲಿ ಹೇಳಿದ. ಅವಳು ಇನ್ನೂ ಹೆಚ್ಚು ನಗುಮುಖದಿಂದ ಸಾರಿ ಸರ್ ಅಂದಳು. ತಿರುಗಿ ಪಾರ್ಕಿಂಗ್ ಲಾಟಿಗೆ ಓಡಿ ಬಂದ.

"ಉಮಾಶಂಕರ ಅವರ, ನನ್ನ ಟಿಕೀಟ ಕೊಡ್ರಿ."

"ಯಾವುದೋ ಜೇಬಲ್ಲಿದೆ ಸಾರ್..." ಉಮಾಶಂಕರನ ಎರಡೂ ಕೈಗೆ ಎಣ್ಣೆಯಾಗಿತ್ತು. "ಅಷ್ಟು ಅವಸರ ಯಾಕೆ? ನಿಮ್ಮ ಬಿಟ್ಟು ಶುರು ಮಾಡ್ತಾರಾ? ಬೆಲ್ ಆಗ್ಲಿ."

ಎಲ್ಲರೂ ನಕ್ಕರು. "ದಾನಪ್ಪನವ್ರು ಟೆನ್ಷನ್ ಪಾರ್ಟಿ" ಎಂದರು ಯಾರೋ. ಮಿರ್ಚಿ ತಿಂದ ಬಾಯಲ್ಲಿ ಹೀಗೆ! ದಾನಪ್ಪ ಉಳಿದ ಚಹಾ ಬಗ್ಗಿಸಿದ. ಜನ ಬೇಸ್‌ಮೆಂಟು ಮುಗಿಸಿ ಮಾರ್ಟ್‌ಗೇಜಿಗೆ ಬಂದಿದ್ದರು.

ಆಗ ಪಕ್ಕದ ಬಾಗಿಲು ತೆರೆಯಿತು. ಶಿವಾನಿ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಹೊರಗೆ ಬಂದಳು. ಕಣ್ಣು ಕೆಂಪಗಿತ್ತು.

"ಯಾಕವ್ವಾ? ಯಾರರೆ ಏನರೆ ಅಂದ್ರೇನು?"

"ನೋ. ಕ್ಯಾನ್ ವಿ ಗೋ ಹೋಮ್ ನೌ?"

"ಇನ್ನೂ ಅರ್ಧಾ ಪಿಚ್ಚರ್ ಐತಿ, ತಡಿ. ಬೆಲ್ ಆಗಲಿ."

"ಇಟ್ಸ್ ಓವರ್, ಅಪ್ಪಾ."

"ಏನ ಓವರ್?"

"ದ ಮೂವೀ. ನೇಮ್ಸ್ ಎಲ್ಲಾ ಬಂತು. ಲೈಟ್ಸ್ ಕೂಡ ಆನ್ ಆಯ್ತು."

ಪಾರ್ಕಿಂಗ್ ಲಾಟಿನಲ್ಲಿ ಮಾರ್ಟ್‌ಗೇಜಿನ ಮಾತು ನಿಂತಿತು. ಯಾರದೋ ಕೈಯಿಂದ ಮಿರ್ಚಿ ಬಿದ್ದ ಸದ್ದೂ ಕೇಳಿಸಿತು. ಇಡೀ ಕನ್ನಡ ಸಂಘ ಹುಡುಗಿಯನ್ನು ಮುತ್ತಿಕೊಂಡಿತು. ಮಗನನ್ನು ಒಳಗೆ ಕರೆದಳಾ? ಕಂಡಕ್ಟರ್ ಏನಾದ? ಕೊನೇಲಿ ಏನಾಯ್ತು?

ಅಷ್ಟೊಂದು ಅಂಕಲ್ ಆಂಟಿಗಳ ನಡುವೆ ಶಿವಾನಿ ಗೋಡೆಗೆ ಒತ್ತಿಕೊಂಡಳು. "ಹಿ ಸೆಡ್ ಸಮ್‌ಥಿಂಗ್ ಟು ಹಿಸ್ ಮಾಮ್."

"ಏನಂದ? ಏನಂದ?"

"ಐ ಡೋಂಟ್ ನೋ! ಇಟ್ ವಾಸ್ ಇನ್ ಕನ್ನಡ."

ಥಿಯೇಟರಿನ ಮ್ಯಾನೇಜರಮ್ಮನನ್ನು ಕರೆಸಲಾಯಿತು. ಪಾಪ, ಅವಳದೇನೂ ತಪ್ಪಿರಲಿಲ್ಲ. ಈ ದೇಶದಲ್ಲಿ ಚಿತ್ರ ಶುರುವಾದರೆ ಮುಗಿಯುವವರೆಗೂ ಓಡುತ್ತದೆ. ನಡುವೆ ನಿಲ್ಲಿಸಿ ಅಂತ ಯಾರೂ ಹೇಳಿರಲಿಲ್ಲ. ಬೆಲ್ಲಿನ ಸಂಗತಿಯನ್ನು ಉಮಾಶಂಕರ ವಿವರಿಸಿದಾಗ ಅವಳು ಬೆಂಕಿ ಬಿದ್ದಾಗ ಹೊಡೆಯುವ ಬೆಲ್ಲೊಂದಿದೆ, ಬೇರೆ ಇಲ್ಲ ಅಂದಳು. ಇನ್ನೊಮ್ಮೆ ಹಾಕಲು ಸಾಧ್ಯವೇ? ಇಲ್ಲ. ಮುಂದಿನ ಚಿತ್ರದವರು ಆಗಲೇ ಸಾಲು ನಿಂತಿದ್ದಾರೆ. ಈ ಪ್ರಿಂಟು ಸಂಜೆಯೊಳಗೆ ಬೇರೆ ಊರಿಗೆ ಹೊರಡಬೇಕು.

ಉಮಾಶಂಕರ ಹಣೆ ಒರೆಸಿಕೊಂಡ. ತಪ್ಪನ್ನು ಯಾರ ಮೇಲೆ ಹಾಕಲಿ ಎಂದು ಸುತ್ತ ನೋಡಿದ. ಅವನ ಕಣ್ಣು ವ್ಯಾನಿನ ಮೇಲೆ ನಿಂತಿತು.

"ಏನ್ ಸಾರ್ ದಾನಪ್ಪನವರೇ! ಡೋರ್ ಪಕ್ಕದಲ್ಲೇ ಕೂತಿದ್ದೋರು ನೀವು. ಒಂದ್ ಮಾತು ಹೇಳ್ಬಾರ್ದಿತ್ತಾ? ಮಿರ್ಚಿ ಒಂದಿಲ್ಲದೇ ಇದ್ದಿದ್ರೆ ಜನ ಐದೇ ನಿಮಿಷದಲ್ಲಿ ಒಳಗೆ ಹೋಗ್ತಿದ್ರು."

"ಹೌದು, ಮಿರ್ಚಿ ಜಾಸ್ತಿ ಆಯ್ತು" ಎಂದ ಚಂದ್ರಮೋಹನ, ಕೈಯಲ್ಲಿದ್ದುದನ್ನು ಬಾಯಿಗೆ ಹಾಕಿಕೊಂಡು.

ಪಾರ್ವತೆವ್ವ ಮಿರ್ಚಿ ಎತ್ತುವ ಜಾರೆ ಹಿಡಿದ ಕೈಯನ್ನು ಸೊಂಟದ ಮೇಲಿಟ್ಟಳು. ಆದರೆ ಅವಳಿಗಿಂತ ಮುಂಚೆ ದಾನಪ್ಪನ ಬಾಯಿ ತೆರೆಯಿತು. ಬದುಕಿನಲ್ಲಿ ಮೊದಲ ಸಲ ಅಂದುಕೊಂಡದ್ದೇ ಹೊರಗೆ ಬಂತು.

"ಒಂದ ಮಾತು ಹೇಳಿಲ್ಲೇನ್ರಿ ನಾ? ಗ್ವಾಡಿಗೆ ಹೇಳಿಲ್ಲ ಅಷ್ಟ, ಉಳದವರಿಗೆಲ್ಲಾ ಹೇಳೀನಿ! ದಾರಿ ಅಲ್ಲದ ದಾರಿ ಹಿಡದು ನಿಮ್ಮ ಅತ್ತೀನ ಕರಕೊಂಡ ಬಂದೆ. ನಿಮ್ಮ ಬಾಗಲಾ ಕಾಯ್ದೆ. ನಿಮಗ ಚಾ ಕುಡಿಸಿದೆ. ನನ್ನ ಸೀಟಿಲ್ಲ, ನನ್ನ ಟಿಕೀಟಿಲ್ಲ, ನನ್ನ ಪಿಚ್ಚರ್ ಇಲ್ಲ. ಕಡೀಕ ತಪ್ಪರೆ ನಿಮ್ಮದು ಇರಲಿ ಅಂದ್ರ, ಅದೂ ನಂದ ಏನ್ರಿ?"

ಒಂದು ಕ್ಷಣ ಎಲ್ಲರೂ ತಲೆ ತಗ್ಗಿಸುವಂತೆ ಕಂಡಿತು. ತಗ್ಗಿಸುತ್ತಿದ್ದರೋ ಏನೋ. ಅಷ್ಟರಲ್ಲಿ ಭಾನುಮತಿಯಮ್ಮನವರು ಸೆರಗಿನಲ್ಲಿ ಕಣ್ಣು ಒರೆಸಿಕೊಳ್ಳುತ್ತ ಬಾಗಿಲಲ್ಲಿ ಕಾಣಿಸಿಕೊಂಡರು.

"ಅತ್ತೇ! ನೀವು ಒಳಗೇ ಇದ್ರಲ್ಲ! ಪೂರ್ತಿ ನೋಡಿದ್ರಾ?"

"ಒಳಗೆ ಕೂತೋರು ನೋಡ್ದೇ ಇರ್ತಾರೇನೋ? ನೋಡು, ಕಣ್ಣಲ್ಲಿ ನೀರು."

"ಕೊನೇಲಿ ಏನಾಯ್ತು ಹೇಳಿ!"

"ಹೀಗೆ ರಸ್ತೇಲಿ ನಿಂತು ಹೇಳೋ ಕತೇನಾ ಅದು? ನನಗೆ ಮಂಡಿ ನೋವು. ನಡಿ ದಾನಪ್ಪ, ವ್ಯಾನಲ್ಲಿ ನಿಧಾನವಾಗಿ ಹೇಳ್ತೀನಿ."

ಉಮಾಶಂಕರನಿಗೆ ಥಿಯೇಟರಿನವರ ಲೆಕ್ಕ ಮುಗಿಸುವುದಿತ್ತು. ಅತ್ತೆಯನ್ನು ಮನೆ ಮುಟ್ಟಿಸುವ ಕೆಲಸ ಮತ್ತೆ ದಾನಪ್ಪನದೇ ಆಯಿತು. ಆದರೆ ಈ ಸಲ ಜನ ಅವನನ್ನು ಅಸೂಯೆಯಿಂದ ನೋಡಿದರು. "ತಿಳಿದ ಮೇಲೆ ನಮಗೂ ಫೋನ್ ಮಾಡಿ ಸಾರ್" ಎಂದು ಚಂದ್ರಮೋಹನ ಕಿಟಕಿಯಲ್ಲಿ ಬಗ್ಗಿ ಕೇಳಿಕೊಂಡ. ವ್ಯಾನು ಕೊಂಡದ್ದು ಸಾರ್ಥಕ ಎಂದು ದಾನಪ್ಪನಿಗೆ ಮೊದಲ ಬಾರಿಗೆ ಅನಿಸಿತು.

"ಹೇಳ್ರಿ ಅಮ್ಮಾರ. ಹಿರೇಮಗ ಬಾಗಲಾಗ ನಿಂತಾನ. ಆಮ್ಯಾಲ?"

"ತಾಳಪ್ಪ. ಮೊದ್ಲು ಒಂದು ಗಣೇಶನ ವಿಗ್ರಹ ತೋರಿಸ್ತಾರೆ. ಅದಕ್ಕೆ ಕೆಂಪು ದಾಸವಾಳದ ಹಾರ..."

"ಆ ಅರ್ಧಾ ನಾವೆಲ್ಲಾ ನೋಡೇವ್ರಿ."

"ಮಧ್ಯದಿಂದ ಹೇಳಿದ್ರೆ ಕತೆ ಕೆಡುತ್ತೆ ಕಣಪ್ಪ."

ಇರಲಿ, ಟೈಟಲ್ಲು ನಾನೂ ನೋಡಿಲ್ಲ ಎಂದು ದಾನಪ್ಪ ಸಮಾಧಾನ ಮಾಡಿಕೊಂಡ. ಭಾನುಮತಿಯಮ್ಮನವರು ಹೇಳುತ್ತ ಹೋದರು. ಖಾನಾವಳಿಯ ತಾಯಿ ಉಟ್ಟ ಸೀರೆಗಳ ಬಣ್ಣ, ಅಂಚು, ಅಂಥದ್ದೇ ಸೀರೆ ತಮ್ಮ ನಾದಿನಿಗೆ ಕೊಟ್ಟದ್ದು, ನಾದಿನಿ ಅದನ್ನು ಒಗೆಯಲು ಹಾಕಿ ಕೆಡಿಸಿದ್ದು. ಕಪಾಳಕ್ಕೆ ಏಟು ಬಿದ್ದದ್ದು ಕಂಡಕ್ಟರನಿಗೆ ಎಂಬುದೂ ತಿಳಿಯಿತು. ಟೊರಾಂಟೊ ದಾಟುವಾಗ ತಾಯಿ ಹಿರಿಯ ಮಗನನ್ನು ಹೊರಗೆ ಹಾಕಿದಳು. ಈಗ ನಿಧಾನವಾಗಿ ಓಡಿಸುತ್ತಿದ್ದವನು ದಾನಪ್ಪನೇ, ಕತೆಗಿಂತ ಮುಂಚೆ ಮನೆ ಬಂದುಬಿಟ್ಟರೆ ಎಂಬ ಹೆದರಿಕೆಯಿಂದ.

ನ್ಯೂಮಾರ್ಕೆಟ್ಟಿನ ಬೀದಿಗೆ ತಿರುಗಿದಾಗ ಮಳೆ ಶುರುವಾಯಿತು, ಚಿತ್ರದಲ್ಲಿ. ಮನೆಯ ಮುಂದೆ ವ್ಯಾನು ನಿಂತಾಗ, "ಬಾಗಿಲು ತೆಗೀತಾಳೆ. ನೋಡಿದ್ರೆ ದೊಡ್ಡ ಮಗ!" ಎಂದು ಭಾನುಮತಿಯಮ್ಮನವರು ನಿಲ್ಲಿಸಿದರು.

"ಆಮ್ಯಾಲ?"

ಅವರು ಕೈಚೀಲದಲ್ಲಿ ಮನೆಯ ಕೀಲಿ ಹುಡುಕುತ್ತಿದ್ದರು.

"ಅಮ್ಮಾರ, ಆಮ್ಯಾಲ?"

"ಇಳೀತೀನಿ ಕಣಪ್ಪ, ಮಾತ್ರೆ ಹೊತ್ತಾಯ್ತು."

ದಾನಪ್ಪ ಟಕ್ಕೆಂದು ಬಾಗಿಲ ಲಾಕು ಒತ್ತಿದ. "ಮುಂದಿಂದು ಹೇಳೂತನಕಾ ಬಾಗಲಾ ತಗ್ಯಾಂಗಿಲ್ರಿ!" ಹಿಂದಿನಿಂದ ಪಾರ್ವತೆವ್ವ, "ಹಂಗ ಆಗಬೇಕ" ಅಂದಳು.

ಭಾನುಮತಿಯಮ್ಮನವರು ಕೀಲಿ ಹುಡುಕುವುದನ್ನು ಬಿಟ್ಟರು. ಆಮೇಲೆ ದನಿ ತಗ್ಗಿಸಿ, "ಬೇಜಾರು ಮಾಡ್ಕೋಬೇಡ ಕಣೋ. ನೀವೆಲ್ಲ ಎದ್ದು ಹೋದ್ರಿ, ಒಳಗೆ ಬೆಚ್ಚಗಿತ್ತು, ಕಣ್ಣು ಹತ್ಬಿಡ್ತು. ನಿನ್ನ ಮಗಳೇ ಎಬ್ಬಿಸಿದ್ದು" ಅಂದರು.

"ಮತ್ತ ಕಣ್ಣಾಗ ನೀರು ಬಂತು ಅಂದ್ರಿ?"

"ಆಕಳಿಸಿದ್ರೆ ಬರಲ್ವೇನಪ್ಪ? ಅಷ್ಟು ಜನ ಆಸೆಯಿಂದ ಕೇಳಿದ್ರು. ಇಲ್ಲ ಅನ್ನೋಕೆ ನನಗೆ ಬಾಯಿ ಬರ್ಲಿಲ್ಲ."

ದಾನಪ್ಪ ಎಂಜಿನ್ನು ಆರಿಸಿದ. ಲಾಕು ತೆಗೆದ. ಅವರ ಕೈಹಿಡಿದು ಮೆಟ್ಟಿಲು ಹತ್ತಿಸಿ ಬಂದ.

ಒಶಾವಾದ ಕಡೆ ಹೊರಟಾಗ ಪಾರ್ವತೆವ್ವ ಸ್ವಲ್ಪ ದೂರ ಉಮಾಶಂಕರನನ್ನು, ಸ್ವಲ್ಪ ದೂರ ಗಂಡನನ್ನು ಬೈದು, ಖಾಲಿ ಪಾತ್ರೆಗೆ ಒರಗಿ ನಿದ್ದೆ ಹೋದಳು. ಶಿವಾನಿ ಮುಂದಿನ ಸೀಟಿಗೆ ಬಂದು ಕೂತಿದ್ದಳು.

"ಅಪ್ಪಾ, ದಟ್ ಲೇಡಿ... ಮಗನ್ನ ಒಳಗೆ ಬಿಡಲಿಲ್ಲ."

ಅವಳು ಇಂಗ್ಲಿಷಿನಲ್ಲಿ, ನಡುನಡುವೆ ತಡೆದು ತಡೆದು ಕನ್ನಡದಲ್ಲಿ ಹೇಳಿದಳು. ತಾಯಿ ಒಳಗೆ ಹೋಗಿ ಮುಚ್ಚಿಟ್ಟಿದ್ದ ತಾಟು ತಂದು ಹೊಸ್ತಿಲ ಹೊರಗೆ ಇಡುತ್ತಾಳೆ. ಆಮೇಲೆ ತುಂಬ ಏನೇನೋ ಆಗುತ್ತದೆ, ಕಂಡಕ್ಟರನ ಮದುವೆ, ಜಗಳ, ಆಸ್ಪತ್ರೆ. ಆದರೆ ದೊಡ್ಡವನು ಪ್ರತಿ ದಿನ ಬರುತ್ತಾನೆ, ಪ್ರತಿ ದಿನ ಹೊರಗೇ ಕೂತು ಊಟ ಮಾಡುತ್ತಾನೆ. ಕೊನೆಯ ದಿನ ಊಟ ಮುಗಿಸಿ, ತಾಟು ತೊಳೆದು ಕೊಡುತ್ತಾ ಅವಳಿಗೆ ಏನೋ ಹೇಳುತ್ತಾನೆ. ಸಣ್ಣ ಮಾತು, ನಾಲ್ಕೈದು ಶಬ್ದ. ಅವಳು ಅಳುತ್ತಾ ಅಳುತ್ತಾ ನಗುತ್ತಾಳೆ. ನಕ್ಕು, ಬಾಗಿಲು ಹಾಕಿಕೊಳ್ಳುತ್ತಾಳೆ.

"ಯಾಕೆ ಬಾಗಿಲು ಹಾಕಿದ್ಲು, ಅಪ್ಪಾ? ಅವನು ಏನಂದ?"

ದಾನಪ್ಪ ವ್ಯಾನಿನ ವೇಗ ಇಳಿಸಿದ. ಒಂದು ಕನ್ನಡದ ಮಾತಿಗೆ ಅರ್ಥ ಏನು ಅಂತ ಮಗಳು ತಾನಾಗಿ ಕೇಳಿದ್ದು ಅದೇ ಮೊದಲು.

"ಗೊತ್ತಿಲ್ಲವ್ವಾ."

ಅವಳು ನಂಬದೆ ಅವನ ಕಡೆ ತಿರುಗಿದಳು. "ಬಟ್ ಯು ನೋ ಕನ್ನಡ."

ಆ ಪ್ರಿಂಟು ಆಮೇಲೆ ಯಾವ ಊರಿಗೆ ಹೋಯಿತೋ ಪತ್ತೆಯಾಗಲಿಲ್ಲ. ಚಿತ್ರ ಊರಿನಲ್ಲೂ ಓಡಲಿಲ್ಲವಂತೆ. ಕ್ಯಾಸೆಟ್ಟೂ ಬರಲಿಲ್ಲ, ಸೀಡಿಯೂ ಬರಲಿಲ್ಲ. ದಾನಪ್ಪ ಹುಬ್ಬಳ್ಳಿಯ ನೆಂಟರಿಗೆಲ್ಲ ಫೋನು ಮಾಡಿ ವಿಚಾರಿಸಿದ. ಅವನ ಪರವಾಗಿ ನಾನೂ ಕಂಡಕಂಡವರನ್ನು ಕೇಳಿದೆ. ತಾಟು ತೊಳೆದು ಕೊಡುತ್ತಾ ಆ ಮಗ ತಾಯಿಗೆ ಏನು ಹೇಳಿದ, ಅವಳು ಯಾಕೆ ನಕ್ಕಳು, ನಕ್ಕವಳು ಯಾಕೆ ಬಾಗಿಲು ಹಾಕಿಕೊಂಡಳು ಎಂಬುದು ದಾನಪ್ಪನಿಗೆ ಇವತ್ತಿಗೂ ಗೊತ್ತಿಲ್ಲ. ನನಗೂ ಗೊತ್ತಿಲ್ಲ.